ಕೆಲಸ ತಪ್ಪಿದ ದಿನಗಳಲ್ಲಿ

ಉದ್ಯೋಗವೇ ಪುರುಷಲಕ್ಷಣವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಉದ್ಯೋಗ ತಪ್ಪಿದವನ ಲಕ್ಷಣವೇನೆಂಬುದನ್ನು ಮಾತ್ರ ಅವರು ಹೇಳಿಹೋಗಲಿಲ್ಲ. ಹೇಳುವ ಅವಶ್ಯಕತೆಯೂ ಇರಲಿಲ್ಲವೆನ್ನಬೇಕು. ಅಂಥವನೊಬ್ಬನು ಮನೆಯಲ್ಲಿದ್ದರೆ ನೆರೆಮನೆಯ ಮಕ್ಕಳಿಗೂ ಅದು ತಿಳಿದುಹೋಗುತ್ತದೆ. ಬೀದಿಯವರೆಲ್ಲರೂ ತಮ್ಮ ತಮ್ಮ ಕೆಲಸಗಳಿಗೆ ಹೊರಟುಹೋದ ಮೇಲೆ ಅವನು ವೃತ್ತಪತ್ರಿಕೆಯನ್ನು ಎರಡನೆಯ ಸಲ ಓದುತ್ತಾನೆ. ಬಾಗಿಲಲ್ಲಿ ಯಾರದಾದರೂ ಧ್ವನಿ ಕೇಳಿಸಿದರೆ ಒಳಕೋಣೆಗೆ ಸರಿಯುತ್ತಾನೆ. ಬಂಧುಗಳ ಮದುವೆಗೆ ಕರೆ ಬಂದರೆ ತಲೆನೋವಿನ ನೆಪ ಹೇಳುತ್ತಾನೆ, ಅಲ್ಲಿಗೆ ಹೋದರೆ "ಈಗ ಎಲ್ಲಿದ್ದೀರಿ?" ಎಂದು ಕೇಳುವವರು ಹತ್ತು ಮಂದಿಯಾದರೂ ಇರುವರೆಂಬುದನ್ನು ಅವನು ಬಲ್ಲನು. ಮನೆಯಾಕೆ ಒಂದು ಸೌಟು ಹುಳಿಯನ್ನು ಹೆಚ್ಚಾಗಿ ಬಡಿಸಿದರೆ ಅದು ಕನಿಕರವೆಂದೂ, ಮರೆತು ಬಡಿಸದಿದ್ದರೆ ತಾತ್ಸಾರವೆಂದೂ ಎಣಿಸಿಕೊಳ್ಳುತ್ತಾನೆ.

ಇದು ಒಬ್ಬಿಬ್ಬರ ಮನೆಯ ಕಥೆಯಾಗಿ ಈಗ ಉಳಿದಿಲ್ಲ. 2020ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಮಹಾಮಾರಿಯ ಕಾರಣದಿಂದ ದೇಶವೆಲ್ಲ ಬಾಗಿಲು ಮುಚ್ಚಿದಾಗ ಹೋಟಲು, ಅಂಗಡಿ, ಕಾರ್ಖಾನೆ, ಖಾಸಗಿ ಶಾಲೆಗಳಲ್ಲಿ ದುಡಿಯುತ್ತಿದ್ದ ಎಷ್ಟೋ ಮಂದಿಗೆ ಇದರ ಅನುಭವವಾಯಿತು. 2022ರ ಕೊನೆಯಿಂದ ಈಚೆಗೆ ಬೆಂಗಳೂರಿನ ದೊಡ್ಡ ದೊಡ್ಡ ಗಣಕಯಂತ್ರ ಕಂಪೆನಿಗಳಲ್ಲಿಯೂ ಹತ್ತು ಹದಿನೈದು ವರ್ಷ ದುಡಿದವರು ಒಂದು ಬೆಳಗ್ಗೆ ಬಂದ ಮಿಂಚಂಚೆಯಿಂದಲೇ ಕೆಲಸ ಕಳೆದುಕೊಂಡುದನ್ನು ನಾವೆಲ್ಲ ಕಂಡಿದ್ದೇವೆ. ಬಡ್ತಿ ತಪ್ಪಿದವರನ್ನೂ, ವರ್ಷಗಟ್ಟಲೆ ಓದಿಯೂ ಸರ್ಕಾರಿ ಪರೀಕ್ಷೆಗಳಲ್ಲಿ ತೇರ್ಗಡೆಯಾಗದವರನ್ನೂ ಸೇರಿಸಿಕೊಂಡರೆ, ಈ ಅಂಕಣವನ್ನು ಓದುವ ಮನೆಗಳಲ್ಲಿ ಇಂಥ ಒಬ್ಬರೂ ಇಲ್ಲದ ಮನೆಯನ್ನು ಹುಡುಕಬೇಕಾದೀತು.

ಸಂಬಳ ನಿಂತುದರ ನಷ್ಟಕ್ಕೆ ಲೆಕ್ಕವುಂಟು. ಬಾಡಿಗೆಯೆಷ್ಟು, ಸಾಲದ ಕಂತೆಷ್ಟು, ಮಕ್ಕಳ ಶಾಲೆಯ ಶುಲ್ಕವೆಷ್ಟು ಎಂಬುದನ್ನು ಗಂಡಹೆಂಡಿರು ಒಂದು ರಾತ್ರಿ ಕುಳಿತು ಬರೆದುಕೊಳ್ಳಬಹುದು, ಬರೆದುಕೊಳ್ಳಲೇಬೇಕು. ಆದರೆ ಆ ಲೆಕ್ಕದ ಪುಸ್ತಕಕ್ಕೆ ಬಾರದ ಇನ್ನೊಂದು ನಷ್ಟವಿದೆ. ಮೊದಲು ಮನುಷ್ಯನಿಗೆ ತನ್ನ ಕೈಕೆಲಸದಲ್ಲಿದ್ದ ನಂಬಿಕೆ ಸಡಿಲುತ್ತದೆ. ಆಮೇಲೆ ಜನರ ಮೇಲಿನ ನಂಬಿಕೆ. ಕಟ್ಟಕಡೆಗೆ, ದೇವರ ಮನೆಯ ಮುಂದೆ ದಿನವೂ ನಿಲ್ಲುತ್ತಿದ್ದವನು ಕೂಡ ನಿಲ್ಲುವುದನ್ನು ಬಿಡುತ್ತಾನೆ. ಈ ಸ್ಥಿತಿಯಲ್ಲಿರುವವನಿಗೆ "ಧೈರ್ಯವಾಗಿರು, ಎಲ್ಲ ಒಳ್ಳೆಯದಾಗುತ್ತದೆ" ಎಂದು ಹೇಳುವುದು ಸುಲಭ. ಹೇಳಿದವರ ಮನಸ್ಸಿಗೆ ಅದರಿಂದ ಸಮಾಧಾನವಾಗುವುದೂ ನಿಜ. ಕೇಳಿದವನಿಗೆ ಆಗುವುದೇ ಎಂಬುದು ಬೇರೆ ಮಾತು.

ಅಂಥವನು ದಿನದಲ್ಲಿ ಒಂದೆರಡು ಗಂಟೆಗಳನ್ನು ನಿಯಮವಾಗಿ, ಪ್ರತಿಫಲವನ್ನು ನೋಡದೆ, ಇನ್ನೊಬ್ಬರ ಸೇವೆಗೆ ಕೊಡಲಿ ಎಂಬುದು ನಮ್ಮ ಸಲಹೆ. ಇದನ್ನು ಕೇಳಿದ ಕೂಡಲೇ ಕೆಲವರಿಗೆ ಸಿಟ್ಟು ಬರುವುದೆಂದು ಬಲ್ಲೆವು. ಗಂಜಿಗೆ ಗತಿಯಿಲ್ಲದವನಿಗೆ ಅನ್ನದಾನ ಮಾಡೆಂದು ಹೇಳುವ ಉಪದೇಶವಿದು, ಹೊಟ್ಟೆ ತುಂಬಿದವರು ಹೇಳತಕ್ಕ ಮಾತು ಎಂದು ಅವರು ಆಕ್ಷೇಪಿಸಬಹುದು. ಆಕ್ಷೇಪಣೆ ನ್ಯಾಯವಾದುದೇ. ಆದಕಾರಣ ಬರಿಯ ಉಪದೇಶವನ್ನು ಬದಿಗಿಟ್ಟು, ಹೊಟ್ಟೆ ತುಂಬದಿದ್ದ ದಿನಗಳನ್ನೇ ಕಂಡ ಒಬ್ಬ ತರುಣ ವಕೀಲರ ಚರಿತ್ರೆಯನ್ನು ನೋಡೋಣ. ಅವರ ಹೆಸರು ವಾಚಕರೆಲ್ಲರಿಗೂ ಗೊತ್ತು. ಆದರೆ ಅವರು ಮಹಾತ್ಮರಾದ ಮೇಲಿನ ಕಥೆಯನ್ನೇ ನಾವು ಹೆಚ್ಚಾಗಿ ಓದುತ್ತೇವೆ. ಕಕ್ಷಿಗಾರರಿಲ್ಲದ ಬ್ಯಾರಿಸ್ಟರಾಗಿದ್ದಾಗಿನ ಕಥೆಯನ್ನು ಮಕ್ಕಳ ಪುಸ್ತಕಗಳು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ.

ಮೋಹನದಾಸ ಕರಮಚಂದ ಗಾಂಧಿಯವರು ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರ್ ಪರೀಕ್ಷೆಯನ್ನು ಮುಗಿಸಿ 1891ರ ಜುಲೈ ತಿಂಗಳಲ್ಲಿ ಬೊಂಬಾಯಿಯ ಬಂದರಿನಲ್ಲಿ ಇಳಿದರು. ತಾಯಿ ಆಗಲೇ ತೀರಿಕೊಂಡಿದ್ದರು. ಪರದೇಶದಲ್ಲಿದ್ದ ಹುಡುಗನಿಗೆ ಆಘಾತವಾಗಬಾರದೆಂದು ಮನೆಯವರು ಆ ಸುದ್ದಿಯನ್ನು ಮುಚ್ಚಿಟ್ಟಿದ್ದರು. ಹಣ ಹೊಂದಿಸಿ ತಮ್ಮನನ್ನು ಓದಲು ಕಳುಹಿಸಿದ್ದ ಅಣ್ಣ ಲಕ್ಷ್ಮೀದಾಸರಿಗೆ ಅಪಾರವಾದ ನಿರೀಕ್ಷೆಗಳಿದ್ದುವು. ತಮ್ಮನ ವಕೀಲಿ ಬೆಳೆಯುವುದೆಂದು ನಂಬಿ ಅವರು ಮನೆಯ ಖರ್ಚನ್ನೂ ಮುಂಗಡವಾಗಿಯೇ ಬೆಳೆಸಿಬಿಟ್ಟಿದ್ದರು. ಇಂಗ್ಲೆಂಡಿನಿಂದ ಬಂದವನ ಮನೆಯಲ್ಲಿ ಪಿಂಗಾಣಿಯ ಪಾತ್ರೆಗಳು ಬಂದುವು, ಓಟ್ಸ್ ಗಂಜಿ ಬಂದಿತು, ಕೋಕೋ ಬಂದಿತು. ಬಾರದಿದ್ದುದು ವರಮಾನವೊಂದೇ. ನಮ್ಮ ಕಾಲದ ಗೃಹಸ್ಥರಿಗೆ ಇದು ಅಪರಿಚಿತವಾದ ಚಿತ್ರವಲ್ಲವಷ್ಟೆ?

ರಾಜಕೋಟೆಯಲ್ಲಿ ವಕೀಲಿ ಮಾಡುವಷ್ಟು ಹಿಂದೂದೇಶದ ಕಾನೂನು ಅವರಿಗೆ ತಿಳಿದಿರಲಿಲ್ಲ. ಕಲಿಯುವುದಕ್ಕೆಂದು ಬೊಂಬಾಯಿಯಲ್ಲಿ ಮನೆ ಹೂಡಿದರು. ಗಿರಗಾಂವಿನಿಂದ ಹೈಕೋರ್ಟಿಗೆ 45 ನಿಮಿಷಗಳ ದಾರಿ. ನಡೆದು ಹೋಗಿ ನಡೆದೇ ಬರುತ್ತಿದ್ದರು. ಅಲ್ಲಿ ನಡೆಯುತ್ತಿದ್ದ ವಾದಗಳು ಅರ್ಥವಾಗದೆ ಎಷ್ಟೋ ಸಲ ಕುಳಿತಲ್ಲಿಯೇ ತೂಕಡಿಸುತ್ತಿದ್ದುದನ್ನು ಅವರೇ ಮುಂದೆ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಕಡೆಗೆ ಸಣ್ಣ ವ್ಯಾಜ್ಯಗಳ ಕೋರ್ಟಿನಲ್ಲಿ 30 ರೂಪಾಯಿ ಫೀಜಿನ ಒಂದು ಮೊಕದ್ದಮೆ ದೊರೆಯಿತು. ಸಾಕ್ಷಿಯನ್ನು ಪ್ರಶ್ನಿಸುವುದಕ್ಕೆ ಎದ್ದು ನಿಂತರು. ತಲೆ ತಿರುಗಿತು, ಕೋರ್ಟೇ ತಿರುಗಿದಂತಾಯಿತು, ಕೇಳಬೇಕೆಂದಿದ್ದ ಒಂದು ಪ್ರಶ್ನೆಯೂ ನೆನಪಿಗೆ ಬರಲಿಲ್ಲ. ಕುಳಿತುಬಿಟ್ಟರು. ಫೀಜನ್ನು ಹಿಂದಕ್ಕೆ ಕೊಟ್ಟರು. 51 ರೂಪಾಯಿಗೆ ಬೇರೊಬ್ಬ ವಕೀಲರು ಬಂದು ಆ ಕೆಲಸವನ್ನು ಲೀಲಾಜಾಲವಾಗಿ ಮುಗಿಸಿದರು. ಅಲ್ಲಿಂದ ಮುಂದೆ ದಕ್ಷಿಣ ಆಫ್ರಿಕಕ್ಕೆ ಹೋಗುವವರೆಗೆ ಗಾಂಧಿಯವರು ಕೋರ್ಟಿನಲ್ಲಿ ವಾದಕ್ಕೆ ನಿಲ್ಲಲೇ ಇಲ್ಲ.

ಆಮೇಲೆ ಒಂದು ಪ್ರೌಢಶಾಲೆಯವರು ಇಂಗ್ಲಿಷ್ ಉಪಾಧ್ಯಾಯರು ಬೇಕೆಂದು ಜಾಹೀರಾತು ಕೊಟ್ಟರು. ದಿನಕ್ಕೆ ಒಂದು ಗಂಟೆಯ ಪಾಠ, 75 ರೂಪಾಯಿ ಸಂಬಳ. ಅರ್ಜಿ ಹಾಕಿದರು, ಭೇಟಿಗೆ ಕರೆ ಬಂದಾಗ ಬಹಳ ಉತ್ಸಾಹದಿಂದ ಹೋದರು. ಪದವೀಧರರಲ್ಲವೆಂಬ ಕಾರಣದಿಂದ ಶಾಲೆಯವರು ಬೇಡವೆಂದರು. ಲಂಡನ್ ಮೆಟ್ರಿಕ್ಯುಲೇಶನ್ ಪರೀಕ್ಷೆಯಾಗಿದೆ, ಲ್ಯಾಟಿನ್ ಓದಿದ್ದೇನೆ ಎಂದು ಹೇಳಿಕೊಂಡರೂ ಪ್ರಯೋಜನವಾಗಲಿಲ್ಲ. ಬ್ಯಾರಿಸ್ಟರಾದವನು 75 ರೂಪಾಯಿಯ ಮೇಷ್ಟರ ಕೆಲಸಕ್ಕೂ ಬೇಡವಾದ ದಿನ ಅದು.

ಈ ಕಾಲದಲ್ಲಿ ಅವರ ಹತ್ತಿರ ಬಂದವನು ಒಬ್ಬ ಬಡ ಮುಸಲ್ಮಾನ. ಪೋರಬಂದರದಲ್ಲಿ ಅವನ ಜಮೀನನ್ನು ಸಂಸ್ಥಾನದವರು ಮುಟ್ಟುಗೋಲು ಹಾಕಿಕೊಂಡಿದ್ದರು. ದೊಡ್ಡ ತಂದೆಯ ಮಗನೆಂಬ ವಿಶ್ವಾಸದಿಂದ ಅವನು ಬಂದಿದ್ದನೇ ಹೊರತು ಈ ಬ್ಯಾರಿಸ್ಟರ ಕೀರ್ತಿಯನ್ನು ಕೇಳಿ ಅಲ್ಲ; ಕೀರ್ತಿಯಾದರೂ ಎಲ್ಲಿತ್ತು? ಅವನ ಪಕ್ಷ ಬಲವಾದುದಾಗಿಯೂ ಕಾಣಲಿಲ್ಲ. ಆದರೂ ಗಾಂಧಿಯವರು, ಅಚ್ಚಿನ ಖರ್ಚನ್ನು ಮಾತ್ರ ನೀನು ವಹಿಸಿಕೊ ಎಂದು ಹೇಳಿ, ಫೀಜಿಲ್ಲದೆ ಅವನಿಗೊಂದು ಮನವಿಪತ್ರವನ್ನು ಬರೆದುಕೊಟ್ಟರು. ಬರೆದುದನ್ನು ಸ್ನೇಹಿತರಿಗೆ ಓದಿ ಹೇಳಿದರು. ಅವರು ಮೆಚ್ಚಿದರು. ಈ ಕೆಲಸವನ್ನಾದರೂ ತಾನು ಮಾಡಬಲ್ಲೆನೆಂಬ ಧೈರ್ಯ ಅಂದು ತಮಗೆ ಅಷ್ಟಿಷ್ಟು ಹುಟ್ಟಿತೆಂದು ಅವರು ಬರೆದಿದ್ದಾರೆ. ಕೂಡಲೇ, ಹೀಗೆ ಧರ್ಮಕ್ಕೆ ಬರೆದುಕೊಡುತ್ತಾ ಕುಳಿತರೆ ಕೆಲಸವೇನೋ ಬೆಳೆದೀತು, ಒಲೆ ಉರಿಯದು ಎಂಬುದನ್ನೂ ಸೇರಿಸಿದ್ದಾರೆ. ಅವರೊಳಗಿನ ವ್ಯಾಪಾರಿ ಕುಲದ ಲೆಕ್ಕ ತಪ್ಪುತ್ತಿರಲಿಲ್ಲ!

ನಾವು ಈ ಸಣ್ಣ ಪ್ರಸಂಗವನ್ನು ಬಹಳ ದೊಡ್ಡದೆಂದು ಎಣಿಸುತ್ತೇವೆ. ಕೋರ್ಟಿನಲ್ಲಿ ಬಾಯಿ ಕಟ್ಟಿದವನಿಗೆ "ನೀನು ಚೆನ್ನಾಗಿ ಮಾತನಾಡಬಲ್ಲೆ" ಎಂದು ಯಾರು ಹೇಳಿದ್ದರೂ ನಂಬಿಕೆ ಬರುತ್ತಿರಲಿಲ್ಲ. ಶಾಲೆಯವರು ತಿರುಗಿಸಿ ಕಳುಹಿಸಿದವನಿಗೆ "ನಿನ್ನ ವಿದ್ಯೆ ಬಹಳ" ಎಂದರೆ ಅದು ಗಾಯಕ್ಕೆ ಉಪ್ಪಾಗುತ್ತಿತ್ತು. ತನ್ನ ಕಷ್ಟವನ್ನು ಹೊತ್ತುಕೊಂಡು ಬಂದ ಒಬ್ಬ ಬಡವನು ಎದುರಿಗೆ ಕುಳಿತಾಗ, ಸ್ವಂತ ಅವಮಾನವನ್ನು ಸ್ವಲ್ಪ ಹೊತ್ತು ಮರೆತು ಅವನ ಜಮೀನಿನ ವಿಚಾರವನ್ನು ಯೋಚಿಸಬೇಕಾಯಿತು. ಫೀಜಿಲ್ಲದ ಕೆಲಸವಾದ್ದರಿಂದ ಸೋಲುವ ಭಯವೂ ಇರಲಿಲ್ಲ, ಕೈ ನಡುಗಲಿಲ್ಲ. ಭಯವಿಲ್ಲದಾಗ ಕೈಯಲ್ಲಿದ್ದ ವಿದ್ಯೆ ಹೊರಗೆ ಬಂದಿತು. ಸೇವೆಯು ಮನುಷ್ಯನಿಗೆ ಭರವಸೆ ಕೊಡುವ ಬಗೆ ಇದೇ ಎಂದು ನಮಗೆ ತೋರುತ್ತದೆ. ಅದು ಮಾತಿನಿಂದ ಹೇಳಿದ ಭರವಸೆಯಲ್ಲ. ಇನ್ನೊಬ್ಬನು ನಮ್ಮನ್ನು ನೆಚ್ಚಿಕೊಂಡಾಗ ತಾನಾಗಿ ಕೂಡಿಬರುವ ಭರವಸೆ.

ಮುಂದಿನ ಸಂಗತಿಗಳು ಇನ್ನೂ ಕುತೂಹಲವಾಗಿವೆ. ಆರು ತಿಂಗಳಾದ ಮೇಲೆ ಬೊಂಬಾಯಿಯ ಮನೆಯನ್ನು ಮುಚ್ಚಿ ಅವರು ರಾಜಕೋಟೆಗೆ ಹಿಂದಿರುಗಿದರು. ಅಲ್ಲಿ ಅರ್ಜಿ, ಮನವಿಗಳನ್ನು ಬರೆದುಕೊಡುವುದರಿಂದಲೇ ತಿಂಗಳಿಗೆ ಸರಾಸರಿ 300 ರೂಪಾಯಿ ಸಂಪಾದನೆಯಾಗತೊಡಗಿತು. ಇದಕ್ಕೆ ಅಣ್ಣನ ಪಾಲುಗಾರ ವಕೀಲರ ಸಹಾಯವೇ ಮುಖ್ಯ ಕಾರಣವೆಂದು ಅವರೇ ಒಪ್ಪಿದ್ದಾರೆ. ಪುಣ್ಯದ ಫಲವಾಗಿ ಬಂದಿತೆಂದು ನಾವು ಕಥೆ ಕಟ್ಟಲಾಗದು. ಆ ನೆಮ್ಮದಿಯೂ ಬಹುದಿನ ಉಳಿಯಲಿಲ್ಲ. ಅಣ್ಣನ ವಿಷಯವಾಗಿ ಶಿಫಾರಸು ಮಾಡುವುದಕ್ಕೆ, ಇಂಗ್ಲೆಂಡಿನಲ್ಲಿ ಪರಿಚಯವಾಗಿದ್ದ ಬ್ರಿಟಿಷ್ ಅಧಿಕಾರಿಯೊಬ್ಬರ ಬಳಿಗೆ ಮನಸ್ಸಿಲ್ಲದ ಮನಸ್ಸಿನಿಂದ ಹೋದರು. ಆತನು ಜವಾನನನ್ನು ಕರೆದು ಇವರನ್ನು ಭುಜ ಹಿಡಿದು ಹೊರಗೆ ದೂಡಿಸಿದನು. ವಕೀಲಿಯ ಬಹುಭಾಗ ಆ ಅಧಿಕಾರಿಯ ಕೋರ್ಟಿನಲ್ಲಿಯೇ ನಡೆಯಬೇಕಾಗಿದ್ದಿತು. ಫಿರೋಜ್‌ಷಾ ಮೆಹ್ತಾರವರಂಥ ದೊಡ್ಡ ವಕೀಲರು ಕೂಡ ಅವಮಾನವನ್ನು ನುಂಗಿಕೊಳ್ಳೆಂದೇ ಹೇಳಿ ಕಳುಹಿಸಿದರು.

ಇಂಥ ಸಮಯದಲ್ಲಿ ದಾದಾ ಅಬ್ದುಲ್ಲಾ ಎಂಬ ವರ್ತಕರ ಕಡೆಯಿಂದ ದಕ್ಷಿಣ ಆಫ್ರಿಕಕ್ಕೆ ಬರುವಂತೆ ಕರೆ ಬಂದಿತು. ಒಂದು ವರ್ಷದ ಕೆಲಸ. ಹೋಗಿಬರುವ ಪ್ರಯಾಣದ ಖರ್ಚು, ಊಟ ವಸತಿ, ಮತ್ತು 105 ಪೌಂಡು. ಬ್ಯಾರಿಸ್ಟರಾಗಿ ಹೋಗುವುದು ಹೆಸರಿಗೆ ಮಾತ್ರ, ನಿಜವಾಗಿ ಅಂಗಡಿಯ ನೌಕರನಾಗಿಯೇ ಹೋಗುತ್ತಿದ್ದೇನೆಂಬುದು ಅವರಿಗೆ ಅರಿವಿದ್ದಿತು. ಹೆಂಡತಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ರಾಜಕೋಟೆಯಲ್ಲಿ ಬಿಟ್ಟು 1893ರಲ್ಲಿ ಹಡಗು ಹತ್ತಿದರು. ಆ ವರ್ಷ ಜೂನ್ ತಿಂಗಳ ಒಂದು ಚಳಿಯ ರಾತ್ರಿ ಮಾರಿಟ್ಸ್‌ಬರ್ಗಿನ ನಿಲ್ದಾಣದಲ್ಲಿ ರೈಲಿನಿಂದ ಅವರನ್ನು ಹೊರಕ್ಕೆ ತಳ್ಳಿದ ಕಥೆಯನ್ನು ಎಲ್ಲರೂ ಬಲ್ಲರು.

ಅದರ ಮುಂದಿನ ಕಥೆಯನ್ನು ಬಲ್ಲವರು ಕಡಮೆ. ಪ್ರಿಟೋರಿಯಾ ನಗರವನ್ನು ಸೇರಿದ ಕೆಲವು ದಿನಗಳಲ್ಲಿಯೇ ಅಲ್ಲಿನ ಭಾರತೀಯರ ಸಭೆಯನ್ನು ಕರೆದರು. ಇಂಗ್ಲಿಷ್ ಕಲಿಯಬೇಕೆಂಬುವರಿದ್ದರೆ ತಾವೇ ಅವರಿದ್ದಲ್ಲಿಗೆ ಬಂದು ಕಲಿಸುವುದಾಗಿ ಹೇಳಿದರು. ಮುಂದೆ ಬಂದವರು ಮೂವರೇ: ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಚಿಲ್ಲರೆ ಅಂಗಡಿಯವನು. 23 ವರ್ಷ ವಯಸ್ಸಿನ, ಲಂಡನಿನ ಬ್ಯಾರಿಸ್ಟರು ಈ ಮೂವರ ಅನುಕೂಲವನ್ನು ನೋಡಿಕೊಂಡು ಅವರವರ ಸ್ಥಳಕ್ಕೆ ಹೋಗುತ್ತಿದ್ದರು. ಕೆಲವು ವೇಳೆ ಹೋಗಿ ನೋಡಿದರೆ ಶಿಷ್ಯರು ವ್ಯಾಪಾರದಲ್ಲಿ ಮುಳುಗಿರುತ್ತಿದ್ದರು. ಗುರುಗಳು ಬೇಸರಪಡದೆ ಕಾಯುತ್ತಿದ್ದರು. ಮೂವರಲ್ಲಿ ಯಾರಿಗೂ ಷೇಕ್ಸ್‌ಪಿಯರನನ್ನು ಓದುವ ಹಂಬಲವಿರಲಿಲ್ಲ. ಕ್ಷೌರಿಕನಿಗೆ ಗಿರಾಕಿಗಳೊಡನೆ ನಾಲ್ಕು ಮಾತನಾಡುವಷ್ಟು ಬಂದರೆ ಸಾಕಾಗಿದ್ದಿತು. ಸುಮಾರು ಎಂಟು ತಿಂಗಳಲ್ಲಿ ಇಬ್ಬರು ಲೆಕ್ಕಪತ್ರ ಇಡುವಷ್ಟು, ವ್ಯಾಪಾರದ ಸಾಧಾರಣ ಕಾಗದಗಳನ್ನು ಬರೆಯುವಷ್ಟು ಕಲಿತರು.

ದಿನಕ್ಕೆ ಒಂದು ಗಂಟೆ ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಅನರ್ಹನೆಂದು ಬೊಂಬಾಯಿಯ ಶಾಲೆಯವರು ಯಾರನ್ನು ಕಳುಹಿಸಿಬಿಟ್ಟಿದ್ದರೋ ಅವರೇ ಕ್ಷೌರದಂಗಡಿಯ ಬಾಗಿಲಲ್ಲಿ ನಿಂತು, ಸಂಬಳವಿಲ್ಲದೆ, ಅದೇ ಇಂಗ್ಲಿಷನ್ನು ಕಲಿಸಿದರೆಂಬುದನ್ನು ವಾಚಕರು ಗಮನಿಸಬೇಕು. ಅವರು ಇದನ್ನು ಹೀಗೆ ಜೋಡಿಸಿ ಎಲ್ಲಿಯೂ ಹೇಳಿಲ್ಲ, ಜೋಡಿಸಿದವರು ನಾವು. ಅದೇ ವರ್ಷದಲ್ಲಿ ದಾದಾ ಅಬ್ದುಲ್ಲಾರ 40,000 ಪೌಂಡುಗಳ ವ್ಯಾಜ್ಯವು ಅವರ ಪ್ರಯತ್ನದಿಂದ ಮಧ್ಯಸ್ಥಿಕೆಯಲ್ಲಿ ತೀರ್ಮಾನವಾಯಿತು. ಗೆದ್ದ ಪಕ್ಷದವರನ್ನೂ ಒಪ್ಪಿಸಿ, ಸೋತವರು ದಿವಾಳಿಯಾಗದಂತೆ ಹಣವನ್ನು ದೀರ್ಘಕಾಲದ ಕಂತುಗಳಲ್ಲಿ ತೆಗೆದುಕೊಳ್ಳುವ ಏರ್ಪಾಡನ್ನು ಅವರು ಮಾಡಿಸಿದರು. ಒಡೆದವರನ್ನು ಕೂಡಿಸುವುದೇ ವಕೀಲನ ಕೆಲಸವೆಂದು ಆಗ ತಮಗೆ ತಿಳಿಯಿತೆಂದು ಅವರು ಹೇಳುತ್ತಾರೆ. ಬೊಂಬಾಯಿಯಲ್ಲಿ ಕಾಣದ ವಕೀಲಿ ಇಲ್ಲಿ ಕಾಣಿಸಿತು. ಹಲವು ವರ್ಷಗಳ ತರುವಾಯ ದರ್ಬಾನಿನಲ್ಲಿ ವೃತ್ತಿಯು ಚೆನ್ನಾಗಿ ನಡೆಯುತ್ತಿದ್ದಾಗಲೂ ಅವರು ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ ದಿನಕ್ಕೆ ಒಂದೆರಡು ಗಂಟೆಗಳ ಕಾಲ ರೋಗಿಗಳ ದೂರುಗಳನ್ನು ಕೇಳಿ, ವೈದ್ಯರಿಗೆ ತಿಳಿಸಿ, ಔಷಧ ಕೊಡುವ ಕೆಲಸವನ್ನು ಹಿಡಿದರು. ಬಂದವರಲ್ಲಿ ಹೆಚ್ಚಿನವರು ಕರಾರಿನ ಕೂಲಿಗಳಾಗಿದ್ದ ತಮಿಳರು, ತೆಲುಗರು. ಆ ಕೆಲಸದಿಂದ ಮನಸ್ಸಿಗೆ ಸ್ವಲ್ಪ ಶಾಂತಿ ದೊರೆಯಿತೆಂದು ಅವರ ಮಾತು. 1899ರಲ್ಲಿ ಬೋಯರ್ ಯುದ್ಧ ಆರಂಭವಾದಾಗ ಸುಮಾರು 1,100 ಮಂದಿ ಭಾರತೀಯರ ಶುಶ್ರೂಷಾದಳ ಹೊರಟುದಕ್ಕೆ ಈ ಔಷಧದ ಕೊಠಡಿಯ ಅಭ್ಯಾಸವೂ ನೆರವಾಯಿತು.

ಇಷ್ಟನ್ನು ಹೇಳಿದುದರಿಂದ, ಸೇವೆ ಮಾಡಿದವರೆಲ್ಲರಿಗೂ ಕಡೆಗೆ ದೊಡ್ಡ ಪದವಿ ಬರುವುದೆಂದು ಯಾರೂ ತಿಳಿಯಬಾರದು. ನಮ್ಮ ಜನರಲ್ಲಿ ಹರಕೆಯ ಅಭ್ಯಾಸವೊಂದುಂಟು. ಒಂದು ಮಂಡಲ, ಎಂದರೆ 48 ದಿನ, ಸೇವೆ ಮಾಡುತ್ತೇನೆ. 49ನೆಯ ದಿನ ನೇಮಕದ ಆದೇಶ ಕೈಗೆ ಬರಲಿ ಎಂದು ಮನಸ್ಸಿನಲ್ಲಿಯೇ ಕರಾರು ಮಾಡಿಕೊಳ್ಳುತ್ತಾರೆ. ಆದೇಶ ಬಾರದೆ ಹೋದಾಗ ಮೊದಲಿದ್ದ ದುಃಖದ ಮೇಲೆ ದೇವರು ಮೋಸ ಮಾಡಿದನೆಂಬ ದುಃಖವೂ ಸೇರುತ್ತದೆ. ಇಂಥ ಸೇವೆಗಿಂತ ಮಲಗಿ ನಿದ್ರೆಮಾಡುವುದು ಮೇಲು.

ದುಡಿಯುವ ಹೆಣ್ಣುಮಕ್ಕಳ ಕಷ್ಟ ಇನ್ನೊಂದು ಬಗೆಯದು. ಕೆಲಸ ಹೋದರೂ ಹೋಗದಿದ್ದರೂ ಅಡಿಗೆಮನೆ ಅವರಿಗೆ ತಪ್ಪಿದ್ದಲ್ಲ. ಅವರಿಗಾಗಿ ಅಮೇರಿಕದ ಒಬ್ಬ ಉಪಾಧ್ಯಾಯಿನಿಯನ್ನು ಇಲ್ಲಿ ನೆನೆಯುತ್ತೇವೆ. ಕ್ಲಾರಾ ಬಾರ್ಟನ್ ಎಂಬಾಕೆ 1852ರಲ್ಲಿ ನ್ಯೂಜೆರ್ಸಿ ಸೀಮೆಯ ಬಾರ್ಡೆನ್‌ಟೌನ್ ಎಂಬ ಊರಿನಲ್ಲಿ ಬಡಮಕ್ಕಳಿಗಾಗಿ ಶುಲ್ಕವಿಲ್ಲದ ಶಾಲೆಯನ್ನು ಆರಂಭಿಸಿದಳು. ಬೆರಳೆಣಿಕೆಯ ಮಕ್ಕಳಿದ್ದುದು ಕೆಲವು ನೂರಾಯಿತು. ಊರಿನವರು ಸಂತೋಷಪಟ್ಟು ಹೊಸ ಕಟ್ಟಡವನ್ನು ಕಟ್ಟಿಸಿ, ಮುಖ್ಯೋಪಾಧ್ಯಾಯನ ಸ್ಥಾನಕ್ಕೆ ಒಬ್ಬ ಗಂಡಸನ್ನು, ಆಕೆಗಿಂತ ಎರಡರಷ್ಟಕ್ಕೂ ಮೀರಿದ ಸಂಬಳಕ್ಕೆ, ನೇಮಿಸಿದರು. ಆಕೆಯ ಧ್ವನಿಯೇ ಬಿದ್ದುಹೋಯಿತು, ಕೆಲಸ ಬಿಟ್ಟಳು. ವಾಷಿಂಗ್ಟನಿನ ಪೇಟೆಂಟ್ ಕಛೇರಿಯಲ್ಲಿ ಗುಮಾಸ್ತೆಯಾದಳು. ಅಲ್ಲಿಯೂ ಕೆಳಕ್ಕೆ ಇಳಿಸಿ ನಕಲು ಮಾಡುವ ಕೆಲಸ ಕೊಟ್ಟರು. ಕೆಲವು ವರ್ಷಗಳಲ್ಲಿ ಅದೂ ಹೋಯಿತು. ಮತ್ತೆ ಕಛೇರಿಗೆ ಸೇರಿದ್ದಾಗ 1861ರಲ್ಲಿ ಅಂತರ್ಯುದ್ಧವು ಹೊತ್ತಿಕೊಂಡಿತು. ಬಾಲ್ಟಿಮೋರಿನ ಗಲಭೆಯಲ್ಲಿ ಪೆಟ್ಟು ತಿಂದು, ಸಾಮಾನುಗಳನ್ನು ಕಳೆದುಕೊಂಡು ಬಂದ ಸಿಪಾಯಿಗಳಿಗೆ ಆಕೆ ಮನೆಯಿಂದ ಬಟ್ಟೆ, ಆಹಾರ, ಸೂಜಿದಾರಗಳನ್ನು ಒಯ್ದಳು. ಅವರಲ್ಲಿ ಕೆಲವರು ಆಕೆಯ ಹಳೆಯ ಶಿಷ್ಯರೇ ಆಗಿದ್ದರು. ಯುದ್ಧ ಮುಗಿದ ಮೇಲೆ, ಮಕ್ಕಳ ಸುದ್ದಿ ತಿಳಿಯದೆ ಕೊರಗುತ್ತಿದ್ದ ಮನೆಯವರ ಸುಮಾರು 63,000 ಕಾಗದಗಳನ್ನು ನೋಡಿ, 22,000 ಸಿಪಾಯಿಗಳ ಗತಿಯೇನಾಯಿತೆಂಬುದನ್ನು ಪತ್ತೆಹಚ್ಚಿದಳು. 1881ರಲ್ಲಿ ಅಮೇರಿಕದ ರೆಡ್ ಕ್ರಾಸ್ ಸಂಸ್ಥೆಯನ್ನು ಸ್ಥಾಪಿಸಿದಾಗ ಆಕೆಯ ವಯಸ್ಸು 59.

ಆಕೆಯ ಜೀವನವನ್ನು ಓದಿದವರಿಗೆ ಇನ್ನೊಂದು ಸಂಗತಿ ಕಂಡುಬರುತ್ತದೆ. ಕೈತುಂಬ ಸೇವೆಯಿದ್ದಾಗ ಆಕೆಗೆ ಎಲ್ಲಿಲ್ಲದ ಬಲ. ಅದು ಮುಗಿದ ಕೂಡಲೇ ಹಳೆಯ ಖಿನ್ನತೆಯು ಮರಳಿ ಬಂದು ಹಾಸಿಗೆ ಹಿಡಿಸುತ್ತಿದ್ದಿತು. ಆದಕಾರಣ ಸೇವೆಯೆಂಬುದು ಸರ್ವರೋಗಕ್ಕೂ ಮದ್ದೆಂದು ನಾವು ಹೇಳೆವು. ನಿದ್ರೆ, ಊಟಗಳು ವಾರಗಟ್ಟಲೆ ತಪ್ಪಿದವರಿಗೆ, ಬದುಕಿದ್ದೇನು ಫಲ ಎಂದು ಮಾತನಾಡುವವರಿಗೆ ಬೇಕಾದುದು ವೈದ್ಯರು. 2022ರಲ್ಲಿ ಸರ್ಕಾರದವರು ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿಯ ಏರ್ಪಾಡಿದೆ; 14416 ಎಂಬ ಸಂಖ್ಯೆಗೆ ಕರೆಮಾಡಿದರೆ ಹಣವಿಲ್ಲದೆ, ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಇದನ್ನು ಮನೆಯವರು ಒಂದು ಕಡೆ ಬರೆದಿಟ್ಟುಕೊಳ್ಳುವುದೊಳ್ಳೆಯದು.

ಮನೆಯವರ ಮಾತು ಬಂದಿತು. ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನ ಕಾಯಕವಾಗಿದ್ದಿತೆಂದು ಶರಣರ ಕಥೆ ಹೇಳುತ್ತದೆ. ಒಂದು ದಿನ ಮಾತುಕತೆಯಲ್ಲಿ ಅವನು ಮೈಮರೆತು ಕುಳಿತಾಗ, ಕಾಯಕ ನಿಂತಿತೆಂದು ಹೆಂಡತಿ ಲಕ್ಕಮ್ಮ ಎಚ್ಚರಿಸಿ ಕಳುಹಿಸಿದಳು. ಇನ್ನೊಂದು ದಿನ ಅಗತ್ಯಕ್ಕಿಂತ ಹೆಚ್ಚಾಗಿ ತಂದಾಗ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬಾ ಎಂದಳು. ಕೆಲಸ ನಿಂತ ಗಂಡನನ್ನು ಜರೆಯದೆ ಎಬ್ಬಿಸುವ ಹದ ಆಕೆಗೆ ತಿಳಿದಿದ್ದಿತು. ನಮ್ಮ ಮನೆಗಳಲ್ಲಿ ಸಾಧಾರಣವಾಗಿ ನಡೆಯುವುದು ಬೇರೆ. "ಹೇಗೂ ಮನೆಯಲ್ಲಿಯೇ ಇದ್ದಾನಲ್ಲ" ಎಂದು, ಚಿಕ್ಕಮ್ಮನ ಕಣ್ಣಿನ ಆಸ್ಪತ್ರೆಯಿಂದ ಹಿಡಿದು ಪಕ್ಕದ ಮನೆಯವರ ಅನಿಲದ ಸಿಲಿಂಡರಿನವರೆಗೆ ಎಲ್ಲವನ್ನೂ ಅವನ ತಲೆಗೆ ಕಟ್ಟುತ್ತಾರೆ. ಇದು ಬಿಟ್ಟಿ ಚಾಕರಿ, ಸೇವೆಯಲ್ಲ. ಎರಡಕ್ಕೂ ವ್ಯತ್ಯಾಸವೇನೆಂದರೆ, ಸೇವೆಯನ್ನು ಅವನು ತಾನಾಗಿ ಆರಿಸಿಕೊಂಡಿರುತ್ತಾನೆ, ಅದರ ಹೊತ್ತನ್ನು ಅವನೇ ಗೊತ್ತುಮಾಡಿರುತ್ತಾನೆ. ಆ ಹೊತ್ತಿಗೆ ಅವನು ಹೊರಟಾಗ, ಸಂಬಳದ ಕೆಲಸಕ್ಕೆ ಹೊರಟವನಿಗೆ ಹೇಗೋ ಹಾಗೆಯೇ ತಿಂಡಿಯನ್ನು ಹೊತ್ತಿಗೆ ಸರಿಯಾಗಿ ಕೊಟ್ಟು ಕಳುಹಿಸಿದರೆ ಮನೆಯವರ ಪಾಲಿನ ಕೆಲಸ ಮುಗಿಯಿತು.

ಹೊತ್ತಿಗೆ ಮಿತಿಯಿರಬೇಕೆಂಬುದನ್ನೂ ಹೇಳಬೇಕು. ಸಾಲಗಾರರು ಬಾಗಿಲಿಗೆ ಬರುವ ಹೊತ್ತಿಗೆ ಸಮಾಜಸೇವೆಯ ನೆಪದಿಂದ ಹೊರಗೆ ಹೋಗುವವರೂ ಉಂಟು. ದಿನದ ಉಳಿದ ಭಾಗ ಹೊಸ ಕೆಲಸವನ್ನು ಹುಡುಕುವುದಕ್ಕೆ, ಹೊಸ ವಿದ್ಯೆಯನ್ನು ಕಲಿಯುವುದಕ್ಕೆ ಸಲ್ಲಬೇಕು. ಒಂದೆರಡು ಗಂಟೆ ಸಾಕು. ಆದರೆ ಅದು ತಪ್ಪಬಾರದು.

ಎಲ್ಲಿಗೆ ಹೋಗುವುದೆಂದು ಕೇಳುವವರಿಗೆ ದೂರ ಹುಡುಕಬೇಕಾದುದಿಲ್ಲವೆಂದು ಹೇಳುತ್ತೇವೆ. ದೊಡ್ಡ ಸರ್ಕಾರಿ ಆಸ್ಪತ್ರೆಗಳ ಹೊರರೋಗಿಗಳ ವಿಭಾಗದಲ್ಲಿ ಬೆಳಗ್ಗೆ ಒಂದು ಗಂಟೆ ನಿಂತು ನೋಡಬಹುದು. ಹಳ್ಳಿಯಿಂದ ರಾತ್ರಿಯ ಬಸ್ಸಿನಲ್ಲಿ ಬಂದವರು ಚೀಟಿ ಮಾಡಿಸುವ ಕಿಟಕಿ ಯಾವುದು, ರಕ್ತಪರೀಕ್ಷೆಯ ಕೋಣೆ ಯಾವುದು, ಕಾಗದದಲ್ಲಿ ಏನು ಬರೆದಿದೆ ಎಂಬುದು ತಿಳಿಯದೆ ಅಲೆಯುತ್ತಿರುತ್ತಾರೆ. ಓದು ಬರೆಹ ಬಲ್ಲ ಒಬ್ಬರು, ಆಸ್ಪತ್ರೆಯವರ ಒಪ್ಪಿಗೆ ಪಡೆದು, ಅವರ ಜೊತೆಯಲ್ಲಿ ನಡೆದರೆ ಆ ದಿನದ ಅರ್ಧ ಸಂಕಟ ಕಡಮೆಯಾಗುತ್ತದೆ. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಓದಿನಲ್ಲಿ ಹಿಂದೆ ಬಿದ್ದ ನಾಲ್ಕು ಮಕ್ಕಳನ್ನು ಕೂಡಿಸಿಕೊಂಡು ಪಾಠ ಓದಿಸುವವರು ಸಿಕ್ಕಿದರೆ ಉಪಾಧ್ಯಾಯರು ಬೇಡವೆನ್ನುವುದು ಅಪರೂಪ. ಮನೆಯಲ್ಲಿಯೇ ಹಾಸಿಗೆ ಹಿಡಿದ ಹಿರಿಯರಿದ್ದರೆ ಹೊರಗೆ ಹೋಗುವ ಮಾತೇ ಬೇಡ.

ನಮಗೆ ವಿಶೇಷವಾಗಿ ಹಿಡಿಸಿದುದು ಕಣ್ಣು ಕಾಣದ ವಿದ್ಯಾರ್ಥಿಗಳ ಕೆಲಸ. ಅವರ ಪಠ್ಯಪುಸ್ತಕಗಳೆಲ್ಲವೂ ಬ್ರೈಲ್ ಲಿಪಿಯಲ್ಲಿ ದೊರೆಯುವುದಿಲ್ಲ. ಓದಿ ಹೇಳುವವರು, ಓದಿ ಧ್ವನಿಮುದ್ರಿಸಿಕೊಡುವವರು ಬೇಕಾಗುತ್ತಾರೆ. ಪರೀಕ್ಷೆಯಲ್ಲಿ ಅವರು ಹೇಳಿದುದನ್ನು ಬರೆಯುವುದಕ್ಕೆ ಲಿಪಿಕಾರರು ಬೇಕು. ಯಾವ ಪರೀಕ್ಷೆಗೆ ಯಾರು ಬರೆಯಬಹುದೆಂಬುದಕ್ಕೆ ಆಯಾ ಪರೀಕ್ಷಾಮಂಡಲಿಯ ನಿಯಮಗಳಿರುತ್ತವೆ, ಹೆಚ್ಚು ಓದಿದವರು ಬರೆಯಕೂಡದೆಂದೂ ಇರಬಹುದು. ಆದ್ದರಿಂದ ಅಂಧರ ಶಾಲೆಗಳಲ್ಲಿಯೋ ಕಾಲೇಜುಗಳಲ್ಲಿಯೋ ಮುಂಚಿತವಾಗಿಯೇ ವಿಚಾರಿಸಿಕೊಳ್ಳಬೇಕು. ಮೂರು ಗಂಟೆಗಳ ಕಾಲ ತನ್ನದೊಂದು ಮಾತನ್ನೂ ಸೇರಿಸದೆ, ಉತ್ತರ ತಪ್ಪೆಂದು ಗೊತ್ತಿದ್ದರೂ ತಿದ್ದದೆ, ಇನ್ನೊಬ್ಬನು ಹೇಳಿದಂತೆಯೇ ಬರೆಯುವುದು ವಿದ್ಯಾವಂತನಿಗೆ ಸುಲಭವಾದ ಕೆಲಸವಲ್ಲ. ಹೆಸರು ಕೊಟ್ಟವರು ಆ ದಿನ ಮಾತ್ರ ಖಂಡಿತವಾಗಿಯೂ ತಪ್ಪಿಸಬಾರದು. ಬೇರೊಂದು ಕಡೆ ಕೆಲಸದ ಭೇಟಿಗೆ ಅದೇ ದಿನ ಕರೆ ಬಂದರೆ ಬದಲಿಗೆ ಒಬ್ಬರನ್ನು ಮೊದಲೇ ಗೊತ್ತುಮಾಡಿ ಹೋಗಬೇಕು. ಬರೆಯುವವರು ಬಾರದೆ ಹೋದರೆ, ಉತ್ತರಗಳೆಲ್ಲ ಬಾಯಲ್ಲಿದ್ದರೂ ಆ ಹುಡುಗನು ಪರೀಕ್ಷೆಯ ಕೊಠಡಿಯಲ್ಲಿ ಸುಮ್ಮನೆ ಕುಳಿತು, ಗಂಟೆ ಬಾರಿಸಿದ ಮೇಲೆ ಎದ್ದು ಹೋಗಬೇಕಾಗುತ್ತದೆ.